ಹುಬ್ಬಳ್ಳಿಯಿಂದ ಇಂಗ್ಲೆಂಡಿನ ಸ್ಪೈನ್ (ಬೆನ್ನೆಲುಬು) ವಿಭಾಗಕ್ಕೆ ಬರುವವರಿಗೆ

ನೀವು ಮೂರು ಪ್ರಶ್ನೆ ಕೇಳಿದ್ದೀರಿ: ಹುಬ್ಬಳ್ಳಿಯಲ್ಲಿ ಎಲುಬು-ಕೀಲು ಶಸ್ತ್ರಚಿಕಿತ್ಸೆಯ ಎಂ.ಎಸ್. ಆರ್ಥೋ ಮುಗಿಸಿ ಇಲ್ಲಿ ಕ್ಲಿನಿಕಲ್ ಫೆಲೋ (ಅಧಿಕೃತ ತರಬೇತಿ ಸೀಟಿನ ಹೊರಗೆ ಕೆಲಸ ಮಾಡುವ ವೈದ್ಯ) ಆಗಿ ಸೇರಿದರೆ ಆಪರೇಷನ್ ಮಾಡಲು ಬಿಡುತ್ತಾರೆಯೇ, ಕನ್ಸಲ್ಟಂಟ್ (ಇಲ್ಲಿಯ ಪೂರ್ಣ ತಜ್ಞ ವೈದ್ಯ) ಆಗಲು ಎಷ್ಟು ವರ್ಷ ಬೇಕು, ಇಲ್ಲಿಯ ಬದುಕು ಹೇಗಿದೆ. ಕೊನೆಯದಕ್ಕೆ ಉತ್ತರ ಚಿಕ್ಕದು. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ, ಜೋಳದ ಹಿಟ್ಟು ಗುಜರಾತಿಗಳ ಅಂಗಡಿಯಲ್ಲಿ ಸಿಗುತ್ತದೆ, ರೊಟ್ಟಿ ಮಾತ್ರ ನೀವೇ ಬಡಿಯಬೇಕು.

ಆಪರೇಷನ್ ವಿಷಯಕ್ಕೆ ಬರುತ್ತೇನೆ. ಹುಬ್ಬಳ್ಳಿಯ ಕ್ಯಾಜುವಲ್ಟಿಯಲ್ಲಿ ಮುರಿದ ಎಲುಬುಗಳನ್ನು ಕೂಡಿಸಿ ಪಳಗಿದ ಕೈ ನಿಮ್ಮದು, ಆ ಬಗ್ಗೆ ಅಂಜಿಕೆ ಬೇಡ. ಆದರೂ ಮೊದಲ ಕೆಲವು ತಿಂಗಳು ನಿಮ್ಮ ಕೈಯನ್ನು ಯಾರೂ ನೋಡುವುದಿಲ್ಲ. ನೀವು ರೋಗಿಯನ್ನು ಏನು ಕೇಳಿದಿರಿ, ಹೇಗೆ ಪರೀಕ್ಷಿಸಿದಿರಿ, ಅದನ್ನು ಹೇಗೆ ಬರೆದಿಟ್ಟಿರಿ ಎಂಬುದನ್ನಷ್ಟೇ ನೋಡುತ್ತಾರೆ. ಇದನ್ನು ಅವಮಾನವೆಂದು ತಿಳಿದು ನಾನು ಒಂದು ವರ್ಷ ಒಳಗೊಳಗೇ ಕುದಿದವನು. ಆ ಸಿಟ್ಟು ಇಳಿದದ್ದು ಒಂದು ರಾತ್ರಿಪಾಳಿಯಲ್ಲಿ.

ಅಂದು ಎರಡೂ ಕಾಲಿಗೆ ಚಳಕು ಹೊಡೆಯುತ್ತಿದೆಯೆಂದು ಮಧ್ಯವಯಸ್ಸಿನ ಹೆಂಗಸೊಬ್ಬರು ಬಂದಿದ್ದರು. ನಮ್ಮ ಓಪಿಡಿಯಲ್ಲಿ ಸುತ್ತ ಹತ್ತು ಜನ ನಿಂತಿರುವಾಗ ಹೆಣ್ಣುಮಗಳನ್ನು ಮೂತ್ರದ ಬಗ್ಗೆ ಕೇಳುವುದು ಹೇಗೆಂಬ ಸಂಕೋಚ ನನ್ನೊಡನೆ ವಿಮಾನ ಹತ್ತಿ ಬಂದಿತ್ತೆಂದು ಕಾಣುತ್ತದೆ. "ಮೂತ್ರ ಸರಿಯಾಗಿ ಹೋಗುತ್ತದೆಯಲ್ಲವೇ" ಎಂದು ಗೊಣಗಿ, ಹೌದೆಂದ ಕೂಡಲೇ ನೋವಿನ ಮಾತ್ರೆ ಬರೆದೆ. ಅಷ್ಟರಲ್ಲಿ ಬಂದ ಕನ್ಸಲ್ಟಂಟಿಗಿಂತ ಒಂದು ಮೆಟ್ಟಿಲು ಕೆಳಗಿನ ಹಿರಿಯ ರಿಜಿಸ್ಟ್ರಾರ್ ಪರದೆ ಎಳೆದು, ಕುರ್ಚಿಯಲ್ಲಿ ಕುಳಿತು, "ಶೌಚದ ನಂತರ ಒರೆಸಿಕೊಳ್ಳುವಾಗ ಮುಟ್ಟಿದ್ದು ತಿಳಿಯುತ್ತದೆಯೇ" ಎಂದು ಕೇಳಿದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡು ದಿನದಿಂದ ತಿಳಿಯುತ್ತಿಲ್ಲ ಎಂದರು. ಮೂತ್ರ ಮಾಡಿ ಬಂದ ಮೇಲೂ ಮೂತ್ರಕೋಶದಲ್ಲಿ 600 ಮಿಲಿಗಿಂತ ಹೆಚ್ಚು ಉಳಿದದ್ದು ಸ್ಕ್ಯಾನಿನಲ್ಲಿ ಕಂಡಿತು. 200 ಮಿಲಿ ದಾಟಿದರೇ ಗಾಬರಿಯಾಗಬೇಕಾದ ಸಂಗತಿ. ಅದು ಕಾಡಾ ಇಕ್ವೈನಾ: ಬೆನ್ನೆಲುಬುಗಳ ನಡುವಿನಿಂದ ಜಾರಿದ ಡಿಸ್ಕು ಎಂಬ ಮೆತ್ತೆ ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲನ್ನೇ ಒತ್ತಿ ಹಿಡಿದಿತ್ತು. ಆ ರಾತ್ರಿಯೇ ಎಂಆರ್‌ಐ, ಆ ರಾತ್ರಿಯೇ ಆಪರೇಷನ್. ಕಾಲುನೋವು ಬೇಗ ಹೋಯಿತು, ಮೂತ್ರಕೋಶ ಹಿಡಿತಕ್ಕೆ ಬರಲು ತಿಂಗಳುಗಳೇ ಬೇಕಾದವು.

ನೀವು ಇಲ್ಲಿ ಕಲಿಯಬೇಕಾದದ್ದು ಈ ಕೇಳುವಿಕೆಯನ್ನು, ಮತ್ತು ಅಷ್ಟೇ ಮುಖ್ಯವಾಗಿ ತಡೆದು ಕಾಯುವುದನ್ನು. ನಮ್ಮಲ್ಲಿ ರೋಗಿ ಎಂಆರ್‌ಐ ಫಿಲ್ಮನ್ನು ಕೈಚೀಲದಲ್ಲಿ ಹಿಡಿದೇ ಬಂದು "ಗ್ಯಾಪ್ ಆಗೇತಂತ್ರೀ, ಆಪರೇಷನ್ ಬೇಕೇನ್ರಿ" ಎನ್ನುತ್ತಾನೆ, ನಾವೂ ಮೊದಲು ಫಿಲ್ಮನ್ನೇ ಬೆಳಕಿಗೆ ಹಿಡಿಯುತ್ತೇವೆ. ಇಲ್ಲಿ ಅದು ತಿರುಗುಮುರುಗು. ಕಾಲಿನ ಹೆಬ್ಬೆರಳನ್ನು ಮೇಲೆತ್ತುವ ಬಲ ಕುಂದಿದ್ದರೆ ಒತ್ತಡಕ್ಕೆ ಸಿಕ್ಕದ್ದು ಸೊಂಟದ ಐದನೆಯ ನರ ಎಲ್5, ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಸುತ್ತಿಗೆ ತಟ್ಟಿದರೂ ಪಾದ ಜಿಗಿಯದಿದ್ದರೆ ಅದರ ಕೆಳಗಿನ ನರ ಎಸ್1 ಎಂದು ನೀವು ಮೊದಲು ಹೇಳಬೇಕು, ಚಿತ್ರ ಆಮೇಲೆ ಅದನ್ನು ಒಪ್ಪಬೇಕು. ಡಿಸ್ಕು ಜಾರಿ ಬಂದ ಸಯಾಟಿಕಾ, ಎಂದರೆ ಸೊಂಟದಿಂದ ಕಾಲಿಗಿಳಿಯುವ ನರದ ನೋವು, ಬಹುಪಾಲು ಜನರಲ್ಲಿ ಆರರಿಂದ ಹನ್ನೆರಡು ವಾರಗಳಲ್ಲಿ ತಾನಾಗಿ ತಗ್ಗುವುದರಿಂದ, ಬಲ ಕುಂದದ, ಮೂತ್ರದ ತೊಂದರೆಯಿಲ್ಲದ ರೋಗಿಗೆ ಕಾಯೋಣವೆನ್ನುವುದೇ ಚಿಕಿತ್ಸೆ. ನಮ್ಮಲ್ಲಿ ಧಾರಾಳವಾಗಿ ಬರೆಯುವ ನರನೋವಿನ ಮಾತ್ರೆಗಳಾದ ಗಾಬಾಪೆಂಟಿನ್, ಪ್ರಿಗಾಬಲಿನ್‌ಗಳನ್ನು ಸಯಾಟಿಕಾಕ್ಕೆ ಕೊಡಬೇಡಿರೆಂದು ಇಲ್ಲಿಯ ನೈಸ್ ಎಂಬ ಸರ್ಕಾರಿ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಇಲ್ಲಿಯ ಸುಪ್ರೀಂ ಕೋರ್ಟಿನ 2015ರ ಮಾಂಟ್ಗೊಮರಿ ತೀರ್ಪಿನ ಮೇಲಂತೂ, ಆ ರೋಗಿಗೆ ಮುಖ್ಯವೆನಿಸಬಹುದಾದ ಅಪಾಯವನ್ನೂ ಬೇರೆ ದಾರಿಗಳನ್ನೂ ತಿಳಿಸದೆ ಪಡೆದ ಸಹಿಗೆ ಬೆಲೆಯಿಲ್ಲ.

ನೀವು ಹೊತ್ತು ತರುವುದೂ ಕಡಿಮೆಯಲ್ಲ. ನಡೆದರೆ ಎರಡು ಫರ್ಲಾಂಗಿಗೆ ಕಾಲು ಸೋತು ಕೂಡುವ, ಆದರೆ ಸೈಕಲ್ ಮೇಲೆ ನವಲೂರಿನಿಂದ ಹುಬ್ಬಳ್ಳಿಗೆ ಬರಬಲ್ಲ ಮುದುಕರನ್ನು ನೀವು ನೋಡಿದ್ದೀರಿ. ಮುಂದಕ್ಕೆ ಬಾಗಿದಾಗ ಬೆನ್ನಿನ ಇಕ್ಕಟ್ಟಾದ ನರಗಾಲುವೆ ಹಿಗ್ಗುವುದೇ ಅದರ ಗುಟ್ಟು. ಇಲ್ಲಿಯ ಅಜ್ಜ ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿಯ ಮೇಲೆ ಬಾಗುತ್ತಾನೆ, ಅಷ್ಟೇ ವ್ಯತ್ಯಾಸ. ಮುಂಡರಗಿ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಅಸ್ಥಿರಜ್ಜು ಎಲುಬಿನಂತೆ ಗಟ್ಟಿಯಾಗಿ, ಬೆನ್ನುಹುರಿ ಒತ್ತಿ, ಕಾಲು ಸೆಟೆದು ಬಂದ ರೈತನನ್ನು ಇಲ್ಲಿಯ ತರಬೇತುದಾರರಲ್ಲಿ ಹೆಚ್ಚಿನವರು ಪುಸ್ತಕದಲ್ಲಷ್ಟೇ ಕಂಡಿದ್ದಾರೆ.

ಇನ್ನು ವರ್ಷಗಳ ಲೆಕ್ಕ. ಅಧಿಕೃತ ತರಬೇತಿ ಎಸ್‌ಟಿ3 ಎಂಬ ಮೆಟ್ಟಿಲಿನಿಂದ ಎಸ್‌ಟಿ8ರವರೆಗೆ ಆರು ವರ್ಷ. ಅದರೊಳಗೆ ಸುಮಾರು 1800 ಆಪರೇಷನ್‌ಗಳ ದಾಖಲೆ, ಎಫ್ಆರ್‌ಸಿಎಸ್ ಎಂಬ ತಜ್ಞ ಪರೀಕ್ಷೆಯ ಎರಡು ಭಾಗ. ಎಷ್ಟೋ ಆಪರೇಷನ್ನುಗಳ ಬಳಿಕ ಕನ್ಸಲ್ಟಂಟ್ ನಿಮ್ಮೊಡನೆ ಕುಳಿತು, ಬೆನ್ನೆಲುಬಿನ ಸರಿಯಾದ ಮಟ್ಟ ಗುರುತಿಸಲು ಎಕ್ಸ್‌ರೇ ತೆಗೆದಿರಾ, ನರದ ಬೇರನ್ನು ಎಷ್ಟು ಹಗುರ ಸರಿಸಿದಿರಿ ಎಂದು ಕೇಳಿ ದರ್ಜೆ ಬರೆಯುವುದುಂಟು. ನಾಲ್ಕನೆಯ ದರ್ಜೆಯೆಂದರೆ ಒಬ್ಬರೇ ಮಾಡಬಲ್ಲಿರಿ ಎಂದರ್ಥ. ಈ ತರಬೇತಿಯ ಸೀಟುಗಳಿಗೆ ಪೈಪೋಟಿ ವಿಪರೀತ. ನಮ್ಮವರು ಹೆಚ್ಚಾಗಿ ಫೆಲೋ ಆಗಿದ್ದುಕೊಂಡೇ, ಹಿಂದೆ ಸಿಇಎಸ್ಆರ್ ಎನ್ನುತ್ತಿದ್ದ ಪೋರ್ಟ್‌ಫೋಲಿಯೋ ದಾರಿಯಿಂದ, ಎಂದರೆ ತರಬೇತಿ ಸೀಟಿಲ್ಲದೆ ದಾಖಲೆಗಳ ಬಲದಿಂದಲೇ, ಕನ್ಸಲ್ಟಂಟ್ ಆಗಲು ಬೇಕಾದ ತಜ್ಞರ ಪಟ್ಟಿಗೆ ಅರ್ಜಿ ಹಾಕುತ್ತಾರೆ. ಅದಕ್ಕೆ ವರ್ಷಗಟ್ಟಲೆ ಕಾಗದ ಕೂಡಿಸಬೇಕು, ಹುಬ್ಬಳ್ಳಿಯ ಆಪರೇಷನ್‌ಗಳ ಕಾಗದವೂ ಅದರಲ್ಲಿ ಸೇರಬಹುದು. ಆದ್ದರಿಂದ ಟಿಕೆಟ್ ಕೊಳ್ಳುವ ಮುಂಚೆ ಲಾಗ್‌ಬುಕ್ಕಿನ ಪ್ರತಿ ಪುಟಕ್ಕೂ ನಿಮ್ಮ ಪ್ರೊಫೆಸರರ ಸಹಿ ಮತ್ತು ವಿಭಾಗದ ಮೊಹರು ಹಾಕಿಸಿಕೊಳ್ಳಿರಿ. ನಾನು ಹಾಗೆ ಮಾಡದೆ, ಐದು ವರ್ಷದ ಮೇಲೆ ರಜೆ ಹಾಕಿ ಊರಿಗೆ ಹೋದಾಗ, ಸಹಿ ಮಾಡಬೇಕಾದವರು ನಿವೃತ್ತರಾಗಿದ್ದರು.