ಜಾನಪದ ಎಲ್ಲಿ ಕೇಳಿಸಿತು?

ನಮಸ್ಕಾರ. ಫಿನ್ಲೆಂಡಿನ ಮೆಟಲ್ ತಂಡ ಅಮಾರ್ಫಿಸ್‌ನ ‘ಟೇಲ್ಸ್ ಫ್ರಮ್ ದ ಥೌಸಂಡ್ ಲೇಕ್ಸ್’ (1994) ಆಲ್ಬಂ ಬಗ್ಗೆ ನೀವು ಕಳಿಸಿದ ವಿಮರ್ಶೆ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಬರೆದರೆ ನಮಗೆ ಖಂಡಿತ ಬೇಕು.

ಮೊದಲ ಮೂರು ಪ್ಯಾರಾ ತೆಗೆದುಬಿಡಿ. ಮೆಲೋಡಿಕ್ ಡೆತ್ ಮೆಟಲ್ (ಗಡಸು ಡೆತ್ ಮೆಟಲ್‌ಗೆ ರಾಗ ಬೆರೆಸಿದ ಶೈಲಿ) ಹೇಗೆ ಹುಟ್ಟಿತು, ಸ್ವೀಡನ್ನಿನ ಗೊಥೆನ್‌ಬರ್ಗ್‌ನ ತಂಡಗಳು ಯಾವುವು ಅನ್ನುವುದೆಲ್ಲ ಇಲ್ಲಿ ಬೇಡ.

‘ಜಾನಪದದ ಸೊಗಡು’ ಅಂತ ಮತ್ತೆ ಮತ್ತೆ ಬರೆದಿದ್ದೀರಿ. ಅದು ಎಲ್ಲಿ ಕೇಳಿಸಿತು ಅಂತ ಹೇಳಿರುವುದು ಒಂದೇ ಕಡೆ, ಅದೂ ತಪ್ಪು. ‘ಕಾಂತೆಲೆಯ ನಾದ’ ಎಂದಿದ್ದೀರಿ. ಕಾಂತೆಲೆ ಫಿನ್ನರ ತಂತಿವಾದ್ಯ ನಿಜ, ಆದರೆ ಈ ಆಲ್ಬಂನಲ್ಲಿ ಅದಿಲ್ಲ. ಇರುವುದು ಗಿಟಾರ್, ಬಾಸ್, ಡ್ರಮ್ಸ್, ಕೀಬೋರ್ಡ್. ಜಾನಪದ ಇರುವುದು ರಾಗದಲ್ಲಿ ಮತ್ತು ಮಾತಿನಲ್ಲಿ. ಲೀಡ್ ಗಿಟಾರ್ ನುಡಿಸುವುದನ್ನು ಸುಮ್ನೆ ಗುನುಗಿ ನೋಡಿ. ಪುಟ್ಟ ಸಾಲುಗಳು, ಮತ್ತೆ ಮತ್ತೆ ಬರುತ್ತವೆ.

ಮಾತುಗಳು ‘ಕಲೆವಾಲ’ದವು. ಎಲಿಯಾಸ್ ಲೋನ್‌ರೋಟ್ ಹಳ್ಳಿಯ ಹಾಡುಗಾರರಿಂದ ಕೇಳಿ ಬರೆದುಕೊಂಡು 1835ರಲ್ಲಿ ಪ್ರಕಟಿಸಿ, 1849ರಲ್ಲಿ 50 ಹಾಡುಗಳಿಗೆ ಹಿಗ್ಗಿಸಿದ ಫಿನ್ನರ ಕಾವ್ಯ ಅದು. ನೀವು ಇದನ್ನು ಒಂದೇ ಸಾಲಲ್ಲಿ ಮುಗಿಸಿ, ‘ಬ್ಲ್ಯಾಕ್ ವಿಂಟರ್ ಡೇ’ ಹಾಡನ್ನು ‘ಯುದ್ಧಕ್ಕೆ ಹೊರಟ ವೀರನ ಗರ್ಜನೆ’ ಎಂದುಬಿಟ್ಟಿರಿ. ಇಲ್ಲಿ ನನಗೆ ನಿಜವಾಗಿಯೂ ಬೇಜಾರಾಯಿತು. ಅದು ಮದುಮಗಳ ಅಳಲು. ಅದೃಷ್ಟವಂತರ ಮನಸ್ಸು ವಸಂತದ ಬೆಳಗಿನಂತೆ, ನನ್ನದು ಚಳಿಗಾಲದ ಕಪ್ಪು ಹಗಲಿನಂತೆ ಎನ್ನುತ್ತಾಳೆ ತವರು ಬಿಟ್ಟು ಹೊರಟ ಆ ಹುಡುಗಿ. ಅಂಥ ಮಾತನ್ನು ತಂಡದ ಗಾಯಕ ತೋಮಿ ಕೊಯಿವುಸಾರಿ ಗಂಟಲಾಳದಿಂದ ಗುರುಗುಟ್ಟುವ ಗ್ರೌಲ್‌ನಲ್ಲಿ ಹಾಡುತ್ತಾರೆ. ಹುಡುಗಿಯ ದುಃಖಕ್ಕೆ ಗಂಟಲು ಸೀಳುವ ಗಂಡಸಿನ ದನಿ! ಹೊಂದುತ್ತದಾ? ಹಾಡು ಶುರುವಾಗುವುದು ಕೀಬೋರ್ಡಿನ ರಾಗದಿಂದ ಅಲ್ವಾ, ಅದರ ಮೇಲೆ ಈ ದನಿ ಬಿದ್ದಾಗ ನಿಮಗೆ ಏನನ್ನಿಸಿತು? ನನ್ನ ಪ್ರಕಾರ, ಗ್ರೌಲ್ ಇಲ್ಲದಿದ್ದರೆ ಇದು ಬರೀ ಇಂಪಾದ ಶೋಕಗೀತೆ ಆಗುತ್ತಿತ್ತು. ಅವಳು ಅತ್ತು ತೋರಿಸಲಾಗದ್ದನ್ನೆಲ್ಲ ಆ ಒರಟು ದನಿ ಹೊರಗೆ ಹಾಕುತ್ತದೆ. ನೀವು ಒಪ್ಪಬೇಕಿಲ್ಲ, ಆದರೆ ಒಪ್ಪದಿದ್ದರೆ ಕಾರಣ ಬರೆಯಿರಿ.

ಒಂದು ಸಾಲು ತುಂಬಾ ಇಷ್ಟವಾಯಿತು. ಗ್ರೌಲ್ ನಿಂತು ಅತಿಥಿ ಗಾಯಕ ವಿಲ್ಲೆ ತುವೋಮಿಯ ಸಾದಾ ದನಿ ಬಂದಾಗ ‘ಉಸಿರು ಹಿಡಿದುಕೊಂಡೆ’ ಎಂದಿದ್ದೀರಿ. ಅಲ್ಲಿ ನೀವು ಕೇಳುತ್ತಾ ಬರೆದಿದ್ದೀರಿ. ಅದು ಯಾವ ಹಾಡು, ಎಲ್ಲಿ, ಅದಕ್ಕೆ ಮುಂಚೆ ಏನಿತ್ತು, ಎಲ್ಲ ಹೇಳಿ. ಸಾಧ್ಯವಾದರೆ ತಂಡದ ಮೊದಲ ಆಲ್ಬಂ, 1992ರ ‘ದ ಕರೇಲಿಯನ್ ಇಸ್ತ್ಮಸ್’ ಕೂಡ ಕೇಳಿ. ಅವರು ಎಷ್ಟು ಬದಲಾದರು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

‘ಅದ್ಭುತ’, ‘ರೋಮಾಂಚಕ’ ಎಲ್ಲ ಹೊಡೆದುಹಾಕಿ. 600 ಪದ ಸಾಕು. ಅದರಲ್ಲಿ ಅರ್ಧ ಮದುಮಗಳ ಹಾಡಿಗೇ ಹೋದರೂ ಜಾಸ್ತಿಯಾಗಲ್ಲ. ತಿದ್ದಿದ ಪ್ರತಿಯನ್ನು ನೇರವಾಗಿ ನನಗೇ ಕಳಿಸಿ.