ವೋಚರ್ ಕೈಯಲ್ಲಿದ್ದರೂ ಒಳ್ಳೆಯ ಏರಿಯಾದಲ್ಲಿ ಮನೆ ಯಾಕೆ ಸಿಗುವುದಿಲ್ಲ?

ಅಮೆರಿಕದ ಬಾಡಿಗೆ ವೋಚರ್ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇನೆ. ಉದ್ದದ ಪತ್ರಗಳ ಸಾರವನ್ನಷ್ಟೇ ಕೊಟ್ಟಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾನು ಧಾರವಾಡದಲ್ಲಿ ಎಂ.ಎಸ್.ಡಬ್ಲ್ಯೂ. ಓದುತ್ತಿದ್ದೇನೆ. ಅಮೆರಿಕದಲ್ಲಿ ಬಡವರ ಬಾಡಿಗೆಯನ್ನು ಸರ್ಕಾರವೇ ಕಟ್ಟುತ್ತದೆ, ವೋಚರ್ ಇದ್ದವರು ಎಲ್ಲಿ ಬೇಕಾದರೂ ಮನೆ ಹಿಡಿಯಬಹುದು ಅಂತ ಓದಿದೆ. ಆದರೂ ಜಾಸ್ತಿ ಜನ ಹಳೆಯ ಬಡ ಏರಿಯಾಗಳಲ್ಲೇ ಉಳಿದಿದ್ದಾರಂತೆ. ಅವರಿಗೇ ಬೇರೆ ಕಡೆ ಹೋಗಲು ಇಷ್ಟವಿಲ್ಲವೇ?

ಉತ್ತರ: ಇಷ್ಟವಿಲ್ಲ ಅನ್ನುವುದನ್ನು ಈ ಕ್ಷೇತ್ರದವರೇ ಎಷ್ಟೋ ಜನ ನಂಬಿದ್ದರು. ಅದು ನಿಜವಲ್ಲ. ಯಾಕೆ ಅಂತ ತಿಳಿಯಬೇಕಾದರೆ ವೋಚರ್ ಸಿಕ್ಕ ಮರುದಿನದಿಂದ ಏನಾಗುತ್ತದೆ ಅಂತ ನೋಡಬೇಕು.

1974ರಲ್ಲಿ ಅಮೆರಿಕದ ವಸತಿ ಕಾಯ್ದೆಗೆ ಸೇರಿಸಿದ ಸೆಕ್ಷನ್ 8ರಿಂದ ಹುಟ್ಟಿದ ಯೋಜನೆ ಇದು. ಜನ ಈಗಲೂ ಇದನ್ನು ಸೆಕ್ಷನ್ 8 ಅಂತಲೇ ಕರೆಯುತ್ತಾರೆ. ಸುಮಾರು 23 ಲಕ್ಷ ಕುಟುಂಬಗಳು ಇದರಲ್ಲಿವೆ. ದೊಡ್ಡ ಸಂಖ್ಯೆ ಅನ್ನಿಸಬಹುದು. ಆದರೆ ಫೆಡರಲ್ (ಕೇಂದ್ರ ಸರ್ಕಾರದ) ಬಾಡಿಗೆ ನೆರವು ಯಾವ ರೂಪದಲ್ಲೇ ಆಗಲಿ ಸಿಗುವುದು ಅರ್ಹ ಕುಟುಂಬಗಳಲ್ಲಿ ನಾಲ್ಕಕ್ಕೆ ಒಂದಕ್ಕೆ ಮಾತ್ರ. ಉಳಿದವರು ವೇಟಿಂಗ್ ಲಿಸ್ಟ್‌ನಲ್ಲಿ ವರ್ಷಗಟ್ಟಲೆ ಕಾಯುತ್ತಾರೆ. ಎಷ್ಟೋ ಊರುಗಳಲ್ಲಿ ಆ ಲಿಸ್ಟ್‌ಗೆ ಹೊಸ ಹೆಸರು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದ್ದಾರೆ.

ಕೊನೆಗೂ ವೋಚರ್ ಬಂತು ಅನ್ನಿ. ಮನೆ ಹುಡುಕಲು ಗ್ಯಾರಂಟಿಯಾಗಿ ಸಿಗುವುದು 60 ದಿನ. ವೋಚರ್ ಹಂಚುವ ಸ್ಥಳೀಯ ಹೌಸಿಂಗ್ ಅಥಾರಿಟಿಗಳಲ್ಲಿ ಕೆಲವು ಜಾಸ್ತಿ ಕೊಡುತ್ತವೆ. ಅಷ್ಟರೊಳಗೆ ಮನೆ ಸಿಗದಿದ್ದರೆ ವೋಚರ್ ವಾಪಸ್. ನಮ್ಮಲ್ಲಿ ರೇಷನ್ ಕಾರ್ಡ್ ತೋರಿಸಿದರೆ ಅಂಗಡಿಯವನು ಅಕ್ಕಿ ಕೊಡಲೇಬೇಕು. ವೋಚರ್ ಹಾಗಲ್ಲ, ಮನೆ ಓನರ್ ಒಪ್ಪಿದರೆ ಮಾತ್ರ ಅದಕ್ಕೆ ಬೆಲೆ.

ಲೆಕ್ಕವೂ ಅಡ್ಡ ಬರುತ್ತದೆ. ಒಬ್ಬ ತಾಯಿಯ ಆದಾಯ ಕಡಿತಗಳೆಲ್ಲ ಕಳೆದು ತಿಂಗಳಿಗೆ 2,000 ಡಾಲರ್ ಅಂತ ಇಟ್ಟುಕೊಳ್ಳಿ. ಅದರ ನೂರಕ್ಕೆ 30 ಭಾಗ, ಅಂದರೆ 600 ಡಾಲರ್ ಅವಳು ಕಟ್ಟಬೇಕು. ಆ ಊರಲ್ಲಿ ಎರಡು ಬೆಡ್‌ರೂಮ್ ಮನೆಗೆ ಅಥಾರಿಟಿ ಗೊತ್ತು ಮಾಡಿದ ಮಿತಿ 1,800 ಆದರೆ ಉಳಿದ 1,200 ಅಥಾರಿಟಿ ಕೊಡುತ್ತದೆ. ಒಳ್ಳೆಯ ಶಾಲೆ ಇರುವ ಏರಿಯಾದಲ್ಲಿ ಅಂಥದೇ ಮನೆಗೆ ಕರೆಂಟು, ಗ್ಯಾಸು ಸೇರಿ 2,200 ಕೇಳುತ್ತಾರೆ. ಮೇಲಿನ 400 ನಾನೇ ಹಾಕಿಕೊಳ್ಳುತ್ತೇನೆ ಅಂದರೂ ನಡೆಯುವುದಿಲ್ಲ. ಮಿತಿ ಮೀರಿದ ಬಾಡಿಗೆಯ ಹೊಸ ಮನೆಗೆ ಸೇರುವಾಗ ಬಾಡಿಗೆದಾರರ ಪಾಲು ಆದಾಯದ ನೂರಕ್ಕೆ 40 ದಾಟಬಾರದು ಅಂತ ನಿಯಮ. ಅವಳ ಪಾಲಿಗೆ 800 ಡಾಲರೇ ಕೊನೆ. ಅಂದರೆ 2,000 ಡಾಲರ್‌ಗಿಂತ ಮೇಲಿನ ಯಾವ ಮನೆಯನ್ನೂ ಅವಳು ಕೇಳುವ ಹಾಗೇ ಇಲ್ಲ. ಇಡೀ ಮಹಾನಗರಕ್ಕೆ ಒಂದೇ ಬಾಡಿಗೆ ಅಂದಾಜು ಇಟ್ಟುಕೊಂಡರೆ ಆಗುವ ಅನ್ಯಾಯ ಇದು. ಬಡ ಏರಿಯಾದಲ್ಲಿ ಆ ದುಡ್ಡು ಧಾರಾಳವಾಗುತ್ತದೆ, ಒಳ್ಳೆಯ ಏರಿಯಾದಲ್ಲಿ ಸಾಲುವುದೇ ಇಲ್ಲ. ಡಲ್ಲಾಸ್ ಭಾಗದಲ್ಲಿ ಒಂದು ಕೇಸು ರಾಜಿಯಾಗಿ 2011ರಿಂದ ಒಂದೊಂದು ಜಿಪ್ ಕೋಡ್‌ಗೂ (ನಮ್ಮ ಪಿನ್ ಕೋಡ್ ಇದ್ದ ಹಾಗೆ) ಬೇರೆ ಬೇರೆ ಲೆಕ್ಕ ಬಂತು. 2016ರ ನಿಯಮದಲ್ಲಿ ಇದನ್ನು 24 ಮಹಾನಗರ ಪ್ರದೇಶಗಳಿಗೆ ಕಡ್ಡಾಯ ಮಾಡಿದರು, ಆಮೇಲೆ ಇನ್ನಷ್ಟು ಸೇರಿದವು.

ಇನ್ನು ಓನರ್‌ಗಳು. ಅರ್ಬನ್ ಇನ್‌ಸ್ಟಿಟ್ಯೂಟ್ ಸಂಸ್ಥೆಯವರು 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಖಾಲಿ ಮನೆಗಳ ಜಾಹೀರಾತು ನೋಡಿ ಫೋನ್ ಮಾಡಿ "ವೋಚರ್ ತಗೋತೀರಾ?" ಅಂತ ಕೇಳಿದ್ದರು. ಫೋರ್ಟ್ ವರ್ತ್‌ನಲ್ಲಿ ನೂರರಲ್ಲಿ 78 ಓನರ್‌ಗಳು ಇಲ್ಲ ಅಂದರು. ಲಾಸ್ ಏಂಜಲಿಸ್‌ನಲ್ಲಿ 76, ಫಿಲಡೆಲ್ಫಿಯಾದಲ್ಲಿ 67. ನೆವಾರ್ಕ್‌ನಲ್ಲಿ 31, ವಾಷಿಂಗ್ಟನ್ ಡಿ.ಸಿ.ಯಲ್ಲಿ ಬರೀ 15. ಬಾಡಿಗೆಯ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವ ಕಾರಣಕ್ಕೆ ಮನೆ ನಿರಾಕರಿಸಬಾರದು ಅನ್ನುವ ಕಾನೂನು ಕೊನೆಯ ಎರಡು ಕಡೆ ಆಗಲೇ ಇತ್ತು. ಫಿಲಡೆಲ್ಫಿಯಾದಲ್ಲೂ ಇತ್ತು, ಆದರೂ ಅಲ್ಲಿ ಇಲ್ಲ ಅಂದವರೇ ಹೆಚ್ಚು. 1968ರ ಫೆಡರಲ್ ವಸತಿ ಕಾನೂನಿನಲ್ಲಿ ಆ ರಕ್ಷಣೆ ಇಲ್ಲ, ರಾಜ್ಯವೋ ಊರೋ ಪ್ರತ್ಯೇಕವಾಗಿ ಮಾಡಿಕೊಳ್ಳಬೇಕು. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸರ್ಕಾರವೇ ಕೊಟ್ಟ ಕಾಗದವನ್ನು ಹಿಡಿದು ಕರೆ ಮಾಡಿದವರಿಗೆ ಮನೆಯ ಬಾಗಿಲವರೆಗೂ ಹೋಗಲು ಆಗುವುದಿಲ್ಲ ಅಂದರೆ ಏನರ್ಥ?

ಇದರ ಹಿಂದೆ ಕಪ್ಪು-ಬಿಳಿ ಭೇದದ ಇತಿಹಾಸವಿದೆ. ಶಿಕಾಗೋದಲ್ಲಿ ಸರ್ಕಾರಿ ವಸತಿಗಳನ್ನು ಕಪ್ಪು ಜನರ ಏರಿಯಾಗಳಲ್ಲೇ ಕಟ್ಟುತ್ತಿದ್ದರು. ಡೊರೊಥಿ ಗಾಟ್ರೋ ಮತ್ತು ಇತರ ನಿವಾಸಿಗಳು 1966ರಲ್ಲಿ ಕೋರ್ಟಿಗೆ ಹೋದರು. ಡೊರೊಥಿ 1968ರಲ್ಲೇ ತೀರಿಕೊಂಡರು, ನಿವಾಸಿಗಳ ಪರವಾಗಿ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 1976ರಲ್ಲಿ. ಆ ಕೇಸಿನಿಂದ ಹುಟ್ಟಿದ ಕಾರ್ಯಕ್ರಮದಲ್ಲಿ 1998ರ ಹೊತ್ತಿಗೆ 7,000ಕ್ಕೂ ಹೆಚ್ಚು ಕುಟುಂಬಗಳು ಮನೆ ಬದಲಾಯಿಸಿದವು, ಅರ್ಧಕ್ಕಿಂತ ಹೆಚ್ಚು ಉಪನಗರಗಳಿಗೆ.

ಈಗ ನಿಮ್ಮ "ಇಷ್ಟವಿಲ್ಲವೇ" ಅನ್ನುವ ಪ್ರಶ್ನೆಗೆ ನೇರ ಉತ್ತರ. ಸಿಯಾಟಲ್ ಮತ್ತು ಕಿಂಗ್ ಕೌಂಟಿಯಲ್ಲಿ 2018ರಿಂದ ಒಂದು ಪ್ರಯೋಗ ನಡೆಯಿತು. ಚಿಕ್ಕ ಮಕ್ಕಳಿರುವ ಕುಟುಂಬಗಳಲ್ಲಿ ಕೆಲವಕ್ಕೆ ಬರೀ ವೋಚರ್ ಕೊಟ್ಟರು. ಉಳಿದವಕ್ಕೆ ವೋಚರ್ ಜೊತೆಗೆ ಒಬ್ಬ ಸಹಾಯಕರನ್ನೂ ಕೊಟ್ಟರು. ಮನೆ ಹುಡುಕುವುದರಲ್ಲಿ, ಅರ್ಜಿ ತುಂಬುವುದರಲ್ಲಿ ಆ ವ್ಯಕ್ತಿ ಜೊತೆಗಿರುತ್ತಿದ್ದರು. ಓನರ್ ಹತ್ತಿರ ಮಾತಾಡುವವರು ಇದ್ದರು, ಡೆಪಾಸಿಟ್ಟಿಗೂ ಅರ್ಜಿ ಫೀಸಿಗೂ ಒಂದಿಷ್ಟು ದುಡ್ಡಿತ್ತು. ಬರೀ ವೋಚರ್ ಸಿಕ್ಕವರಲ್ಲಿ ನೂರಕ್ಕೆ 15 ಕುಟುಂಬಗಳು ಒಳ್ಳೆಯ ಅವಕಾಶವಿರುವ ಏರಿಯಾಗಳಿಗೆ ಹೋದವು. ಸಹಾಯ ಸಿಕ್ಕವರಲ್ಲಿ 53. ಊರು ಅದೇ, ವೋಚರ್ ಅದೇ, ಅಂಥವೇ ಕುಟುಂಬಗಳು. ಮನಸ್ಸು ಮೊದಲೇ ಇತ್ತು ಅಂತಾಯಿತಲ್ಲ? ಈ ಸಹಾಯಕ್ಕೆ ಒಂದು ಕುಟುಂಬಕ್ಕೆ ಬಿದ್ದ ಖರ್ಚು 3,000 ಡಾಲರ್‌ಗಿಂತ ಕಡಿಮೆ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಗಂಡನಿಂದ ಬೇರೆಯಾಗಿ ಇಬ್ಬರು ಮಕ್ಕಳನ್ನು ಸಾಕುತ್ತಿದ್ದೇನೆ. ಮಗಳಿಗೆ 8, ಮಗನಿಗೆ 15. ವೋಚರ್ ಸಿಕ್ಕಿದೆ, ಆದರೆ ಅವಧಿ ಅರ್ಧ ಮುಗಿದಿದೆ. ಒಳ್ಳೆಯ ಶಾಲೆ ಇರುವ ಕಡೆ ಕೇಳಿದರೆ "ಪ್ರೋಗ್ರಾಮ್ ತಗೊಳ್ಳಲ್ಲ" ಅನ್ನುತ್ತಾರೆ, ಇಲ್ಲವೇ ಬಾಡಿಗೆಯ ಮೂರು ಪಟ್ಟು ಸಂಬಳ ತೋರಿಸಿ ಅನ್ನುತ್ತಾರೆ. ನಮ್ಮವರ ಹತ್ತಿರ ಹೇಳಿಕೊಳ್ಳಲು ನಾಚಿಕೆ. ಏನು ಮಾಡಲಿ?

ಉತ್ತರ: ಮೊದಲು ನಾಚಿಕೆ ಬಿಡಿ. ನಿಮಗೆ ಅರ್ಹತೆ ಇದ್ದದ್ದಕ್ಕೆ ಸಿಕ್ಕಿದೆ, ಯಾರ ಪಾಲನ್ನೂ ನೀವು ಕಿತ್ತುಕೊಂಡಿಲ್ಲ.

ಇವತ್ತೇ ಹೌಸಿಂಗ್ ಅಥಾರಿಟಿಗೆ ಅವಧಿ ವಿಸ್ತರಣೆ ಕೇಳಿ ಈಮೇಲ್ ಬರೆಯಿರಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಇಲ್ಲಿಯವರೆಗೆ ಎಲ್ಲೆಲ್ಲಿ ಕೇಳಿದಿರಿ, ಯಾವ ದಿನ, ಏನು ಉತ್ತರ ಬಂತು ಅನ್ನುವ ಪಟ್ಟಿಯನ್ನು ಜೊತೆಗೆ ಕಳಿಸಿ. ವಿಸ್ತರಣೆ ಕೊಡುವುದು ಅವರ ನೀತಿಗೆ ಬಿಟ್ಟದ್ದು, ಆದರೆ ಪ್ರಯತ್ನ ಮಾಡಿದ್ದೀರಿ ಅನ್ನುವುದಕ್ಕೆ ಆಧಾರ ಇದ್ದರೆ ನಿಮ್ಮ ಮಾತಿಗೆ ಬಲ ಬರುತ್ತದೆ. ಮನೆಯಲ್ಲಿ ಯಾರಿಗಾದರೂ ಅಂಗವೈಕಲ್ಯ ಇದ್ದು, ಅದರಿಂದ ಹುಡುಕಾಟ ಕಷ್ಟವಾಗಿದ್ದರೆ ಹೆಚ್ಚಿನ ಸಮಯ ಕೇಳುವುದು ಹಕ್ಕು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಒಬ್ಬ ಓನರ್ ಒಪ್ಪಿ, ಮನೆಗೆ ಅನುಮತಿ ಕೇಳುವ ಅರ್ಜಿಯನ್ನು ನೀವು ಅಥಾರಿಟಿಗೆ ಕೊಟ್ಟ ದಿನದಿಂದ ಅವರ ನಿರ್ಧಾರ ಬರುವವರೆಗೆ ನಿಮ್ಮ ದಿನದ ಲೆಕ್ಕ ನಿಲ್ಲುತ್ತದೆ. ಮನೆ ಪಾಸ್ ಆಗದಿದ್ದರೂ ಆ ದಿನಗಳು ನಿಮಗೆ ನಷ್ಟವಲ್ಲ.

"ಪ್ರೋಗ್ರಾಮ್ ತಗೊಳ್ಳಲ್ಲ" ಅನ್ನುವುದು ನ್ಯೂಜೆರ್ಸಿಯಲ್ಲಿ ಕಾನೂನಿಗೆ ವಿರುದ್ಧ. ಅಲ್ಲಿಯ ತಾರತಮ್ಯ ವಿರೋಧಿ ಕಾನೂನು ವೋಚರನ್ನೂ ಸೇರಿಸಿಕೊಂಡಿದೆ. ಮೂರು ಪಟ್ಟು ಸಂಬಳದ ಷರತ್ತನ್ನು ಹಾಕುವುದಾದರೂ ನಿಮ್ಮ ಪಾಲಿನ ಬಾಡಿಗೆಗೆ ಮಾತ್ರ ಹಾಕಬೇಕು. 700 ಡಾಲರ್ ನಿಮ್ಮ ಪಾಲು ಆದರೆ 2,100ರ ಆದಾಯ ಸಾಕು. ಜಾಹೀರಾತು, ಮೆಸೇಜು, ಈಮೇಲ್ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ರಾಜ್ಯದ ಡಿವಿಷನ್ ಆನ್ ಸಿವಿಲ್ ರೈಟ್ಸ್‌ಗೆ 180 ದಿನಗಳ ಒಳಗೆ ದೂರು ಕೊಡಬಹುದು. ಡೆಪಾಸಿಟ್ ಅಂತ ಒಂದೂವರೆ ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. ಆದರೆ ಆ ದುಡ್ಡು ವೋಚರಿನಲ್ಲಿ ಬರುವುದಿಲ್ಲ, ಬೇರೆ ಕಡೆಯಿಂದ ಹೊಂದಿಸಬೇಕು. ಅಥಾರಿಟಿಯನ್ನೂ ಕೌಂಟಿಯ ಸಮಾಜ ಸೇವಾ ಕಚೇರಿಯನ್ನೂ ಕೇಳಿ ನೋಡಿ.

ಬೇರೆ ಊರಿಗೂ ವೋಚರ್ ಒಯ್ಯಬಹುದು. ಅರ್ಜಿ ಹಾಕಿದಾಗ ಆ ಅಥಾರಿಟಿಯ ವ್ಯಾಪ್ತಿಯಲ್ಲೇ ವಾಸವಿದ್ದರೆ ತಕ್ಷಣ, ಇಲ್ಲದಿದ್ದರೆ ಮೊದಲ ವರ್ಷ ಅಲ್ಲೇ ಇರಬೇಕಾಗಬಹುದು. ಕಾಗದ ಎರಡು ಕಚೇರಿಗಳ ನಡುವೆ ಓಡಾಡುವಾಗ ದಿನಗಳು ಕಳೆಯುತ್ತವೆ. ಹಾಗಾಗಿ ಆ ದಾರಿ ಹಿಡಿಯುವುದಾದರೆ ಈಗಲೇ ಶುರು ಮಾಡಿ.

ಮಕ್ಕಳ ವಿಷಯ. 1994ರಿಂದ 1998ರವರೆಗೆ ಐದು ಮಹಾನಗರಗಳಲ್ಲಿ ಸುಮಾರು 4,600 ಕುಟುಂಬಗಳ ಜೊತೆ ನಡೆದ ಮೂವಿಂಗ್ ಟು ಆಪರ್ಚುನಿಟಿ ಅನ್ನುವ ವೋಚರ್ ಪ್ರಯೋಗವನ್ನು ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ವರ್ಷಗಳ ನಂತರ ಮತ್ತೆ ಲೆಕ್ಕ ಹಾಕಿದರು. 13 ವರ್ಷ ತುಂಬುವ ಮೊದಲೇ ಬಡತನ ಕಡಿಮೆ ಇರುವ ಏರಿಯಾಗೆ ಹೋದ ಮಕ್ಕಳು ಇಪ್ಪತ್ತರ ಮಧ್ಯದ ವಯಸ್ಸಿನಲ್ಲಿ, ಆ ಅವಕಾಶ ಸಿಗದ ಅಂಥದೇ ಮಕ್ಕಳಿಗಿಂತ ನೂರಕ್ಕೆ 31ರಷ್ಟು ಹೆಚ್ಚು ಸಂಪಾದಿಸುತ್ತಿದ್ದರು. ಹದಿಹರೆಯದಲ್ಲಿ ಹೋದವರಿಗೆ ಆ ಲಾಭ ಕಾಣಲಿಲ್ಲ, ಸ್ವಲ್ಪ ಹಿನ್ನಡೆಯೇ ಕಂಡಿತು. ನಿಮ್ಮ ಮಗಳಿಗೆ ಈ ಬದಲಾವಣೆ ದೊಡ್ಡದು. ಮಗನಿಗೆ ಸ್ನೇಹಿತರು, ಶಾಲೆ ಎಲ್ಲ ಒಟ್ಟಿಗೆ ತಪ್ಪುತ್ತದೆ. ಅವನನ್ನು ಕೂರಿಸಿಕೊಂಡು ಮಾತಾಡಿ, ಆಗುವುದಾದರೆ ಶಾಲೆ ವರ್ಷದ ನಡುವೆ ಹೋಗಬೇಡಿ. ಆದರೆ ವೋಚರ್ ಕೈತಪ್ಪುವ ಹಾಗಿದ್ದರೆ ಅದಕ್ಕಾಗಿ ಕಾಯಬೇಡಿ.

ಪ್ರಶ್ನೆ: ಎಚ್-1ಬಿಯಲ್ಲಿದ್ದೇನೆ, ಕೆಲಸ ಹೋಗಿದೆ. ವೋಚರಿಗೆ ಅರ್ಜಿ ಹಾಕಬಹುದೇ?

ಉತ್ತರ: ಆಗುವುದಿಲ್ಲ. ನಾಗರಿಕರು, ಗ್ರೀನ್ ಕಾರ್ಡ್ ಇರುವವರು, ನಿರಾಶ್ರಿತರು ಹೀಗೆ ಕೆಲವು ವರ್ಗಗಳಿಗೆ ಮಾತ್ರ. ಮನೆಯಲ್ಲಿ ಅಲ್ಲೇ ಹುಟ್ಟಿದ ಮಗು ಇದ್ದರೆ ಆ ಮಗುವಿನ ಲೆಕ್ಕದಲ್ಲಿ ಭಾಗಶಃ ನೆರವಿಗೆ ಅವಕಾಶವಿದೆ. ಆದರೆ ವೇಟಿಂಗ್ ಲಿಸ್ಟ್ ನೋಡಿದರೆ ನಿಮ್ಮ ಈಗಿನ ಕಷ್ಟಕ್ಕೆ ಅದು ಸಮಯಕ್ಕೆ ಬರುವುದಿಲ್ಲ. ಮತ್ತೆ, ಯಾವ ಅರ್ಜಿ ಹಾಕುವ ಮೊದಲೂ ಇಮಿಗ್ರೇಷನ್ ವಕೀಲರನ್ನು ಕೇಳಿ.

ಪ್ರಶ್ನೆ: ಬೆಂಗಳೂರಿನಲ್ಲಿ ಇಂಥ ವೋಚರ್ ತಂದರೆ ಸ್ಲಂಗಳ ಸಮಸ್ಯೆ ಮುಗಿಯುವುದಿಲ್ಲವೇ?

ಉತ್ತರ: ಅಷ್ಟು ಸುಲಭ ಅಂತ ನನಗೆ ಅನ್ನಿಸುವುದಿಲ್ಲ. ಇಲ್ಲಿ ಓನರ್ ಮೊದಲು ಕೇಳುವುದು ಊಟ ಏನು, ಜಾತಿ ಏನು ಅಂತ. ಆಮೇಲೆ ಬರುವುದು ಹತ್ತು ತಿಂಗಳ ಅಡ್ವಾನ್ಸ್. ತಿಂಗಳ ಬಾಡಿಗೆಯನ್ನು ಸರ್ಕಾರ ಕೊಟ್ಟರೂ ಈ ಎರಡು ಗೋಡೆ ಹಾಗೇ ನಿಲ್ಲುತ್ತವೆ.

ದೂರದ ಒಳ್ಳೆಯ ಮನೆ ಎಲ್ಲರಿಗೂ ಒಳ್ಳೆಯದೇ ಅಂತಲೂ ಅಲ್ಲ. ಅಹಮದಾಬಾದ್‌ನಲ್ಲಿ 1987ರಲ್ಲಿ ಸ್ಲಂಗಳ ಮಹಿಳೆಯರಿಗೆ ಲಾಟರಿ ಎತ್ತಿ ಊರಾಚೆ, ಸುಮಾರು 12 ಕಿಲೋಮೀಟರ್ ದೂರದಲ್ಲಿ ಮನೆ ಕೊಟ್ಟರು. 14 ವರ್ಷದ ನಂತರ ಸಂಶೋಧಕರು ಹೋಗಿ ನೋಡಿದಾಗ, ಗೆದ್ದವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಂದಿ ಮನೆ ಬಿಟ್ಟು ಬಂದಿದ್ದರು, ಇನ್ನೊಂದು ಪಾಲು ಅಲ್ಲಿಗೆ ಹೋಗಿಯೇ ಇರಲಿಲ್ಲ. ಕೆಲಸ ಇದ್ದದ್ದು ಊರೊಳಗೆ, ಕಷ್ಟಕ್ಕೆ ಕೈಸಾಲ ಕೊಡುವ ನೆರೆಹೊರೆ ಇದ್ದದ್ದೂ ಊರೊಳಗೆ. ಬೆಂಗಳೂರಲ್ಲಿ 2013ರ ಜನವರಿಯಲ್ಲಿ ಈಜಿಪುರದ ಇಡಬ್ಲ್ಯೂಎಸ್ (ಆರ್ಥಿಕವಾಗಿ ದುರ್ಬಲರಾದವರ) ಕ್ವಾರ್ಟರ್ಸ್ ಜಾಗದಿಂದ ಎಬ್ಬಿಸಿದ ಕುಟುಂಬಗಳಲ್ಲೂ ಎಷ್ಟೋ ಹೆಂಗಸರು ಕೋರಮಂಗಲದ ಮನೆಗೆಲಸ ನಂಬಿದವರು. ಅಂಥವರಿಗೆ ಬೇಕಾದದ್ದು ನಡೆದು ಹೋಗುವ ದೂರದಲ್ಲಿ ಗಟ್ಟಿಯಾದ ಸೂರು. ವೋಚರ್ ಆಗಲಿ, ಫ್ಲ್ಯಾಟ್ ಆಗಲಿ, ಎಲ್ಲಿ ಇರಬೇಕು ಅಂತ ಮೊದಲು ಅವರನ್ನೇ ಕೇಳಬೇಕು.

ಪ್ರಶ್ನೆ: ಟೆಕ್ಸಾಸ್‌ನ ಪ್ಲೇನೋದಲ್ಲಿ ನಮ್ಮದೊಂದು ಬಾಡಿಗೆ ಮನೆ ಇದೆ. ಮೂರು ಮಕ್ಕಳ ತಾಯಿಯೊಬ್ಬರು ವೋಚರ್ ಜೊತೆ ಕೇಳುತ್ತಿದ್ದಾರೆ. ಕನ್ನಡ ಗೆಳೆಯರು "ಬೇಡಪ್ಪಾ, ಮನೆ ಹಾಳು ಮಾಡುತ್ತಾರೆ, ಅಸೋಸಿಯೇಷನ್‌ನವರೂ ಗಲಾಟೆ ಮಾಡುತ್ತಾರೆ" ಅಂತಿದ್ದಾರೆ. ಕೊಡಬಹುದೇ?

ಉತ್ತರ: ಕೊಡಿ ಅಂತಲೇ ನನ್ನ ಸಲಹೆ. ಟೆಕ್ಸಾಸ್‌ನಲ್ಲಿ ಇಲ್ಲ ಅನ್ನಲು ಕಾನೂನು ನಿಮ್ಮನ್ನು ಬಿಡುತ್ತದೆ. ಊರುಗಳು ಇದರ ವಿರುದ್ಧ ನಿಯಮ ಮಾಡದಂತೆ ರಾಜ್ಯವೇ 2015ರಲ್ಲಿ ತಡೆದಿದೆ. ಅದಕ್ಕೇ ನಿಮ್ಮಂಥ ಒಬ್ಬ ಓನರ್ ಹೂಂ ಅನ್ನುವುದಕ್ಕೆ ಅಲ್ಲಿ ಇಷ್ಟು ಬೆಲೆ. ಅಸೋಸಿಯೇಷನ್ ಚಿಂತೆ ಬೇಡ. ಡಲ್ಲಾಸ್ ಉತ್ತರಕ್ಕಿರುವ ಪ್ರಾವಿಡೆನ್ಸ್ ವಿಲೇಜ್‌ನಲ್ಲಿ 2022ರಲ್ಲಿ ಮನೆ ಓನರ್‌ಗಳ ಸಂಘ ವೋಚರ್ ಬಾಡಿಗೆದಾರರನ್ನೇ ಹೊರಗಿಡಲು ಹೊರಟು ದೊಡ್ಡ ರಾದ್ಧಾಂತವಾಯಿತು. ಆಮೇಲೆ 2023ರಲ್ಲಿ, ಸಂಘಗಳು ಹಾಗೆ ಮಾಡಬಾರದು ಅಂತ ಟೆಕ್ಸಾಸ್ ಕಾನೂನೇ ಬಂತು.

ಮನೆ ಹಾಳು ಮಾಡುವವರು ಎಲ್ಲ ಕಡೆ ಇರುತ್ತಾರೆ, ಐಟಿ ಸಂಬಳದವರಲ್ಲೂ. ಬೇರೆಯವರಿಗೆ ಹೇಗೆ ವಿಚಾರಿಸುತ್ತೀರೋ ಹಾಗೇ ಇವರನ್ನೂ ವಿಚಾರಿಸಿ. ಹಿಂದಿನ ಓನರ್‌ಗೆ ಫೋನ್ ಮಾಡಿ, ಬಾಡಿಗೆ ಸರಿಯಾಗಿ ಕಟ್ಟಿದ್ದಾರಾ ಕೇಳಿ. ಡೆಪಾಸಿಟ್ ಎಲ್ಲರಿಗೂ ಒಂದೇ ಇಡಿ. ಅಥಾರಿಟಿಯ ಪಾಲು ಪ್ರತಿ ತಿಂಗಳು ನೇರ ನಿಮ್ಮ ಬ್ಯಾಂಕಿಗೆ ಬರುತ್ತದೆ. ಅವರ ಕೆಲಸ ಹೋದರೆ, ಆದಾಯದ ಲೆಕ್ಕ ಮತ್ತೆ ಹಾಕಿಸಿ ಅಥಾರಿಟಿ ತನ್ನ ಪಾಲು ಹೆಚ್ಚಿಸುತ್ತದೆ. ಇಂಥ ಭದ್ರತೆ ಬೇರೆ ಬಾಡಿಗೆದಾರರಿಂದ ಸಿಗುವುದಿಲ್ಲ.

ಇನ್‌ಸ್ಪೆಕ್ಷನ್ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. ಸ್ಮೋಕ್ ಅಲಾರಂ ಕೂಗುತ್ತದಾ, ಕಿಟಕಿಯ ಚಿಲಕ ಬೀಳುತ್ತದಾ, ಬಿಸಿನೀರು ಬರುತ್ತದಾ, ಸಿಂಕ್ ಕೆಳಗೆ ಸೋರಿಕೆ ಇದೆಯಾ, ಸ್ವಿಚ್ ಬೋರ್ಡಿನ ಮುಚ್ಚಳ ಒಡೆದಿದೆಯಾ, ಇಂಥದನ್ನೇ ನೋಡುವುದು. 1978ಕ್ಕಿಂತ ಮೊದಲು ಕಟ್ಟಿದ ಮನೆಯಲ್ಲಿ ಚಿಕ್ಕ ಮಕ್ಕಳು ಇರುವುದಾದರೆ, ಎದ್ದಿರುವ ಪೇಂಟ್‌ನಲ್ಲಿ ಸೀಸ ಇರಬಹುದು ಅಂತ ಅದನ್ನು ಸರಿಪಡಿಸಲು ಹೇಳುತ್ತಾರೆ. ಅವರು ಬರುವ ಮೊದಲೇ ಒಂದು ಸುತ್ತು ಹಾಕಿ ರಿಪೇರಿ ಮಾಡಿಸಿದರೆ ಒಂದೇ ಭೇಟಿಯಲ್ಲಿ ಮುಗಿಯುತ್ತದೆ. ಕೇಳುವ ಬಾಡಿಗೆ ಅಕ್ಕಪಕ್ಕದ ಅಂಥದೇ ಮನೆಗಳಿಗೆ ಹೊಂದುತ್ತದಾ ಅಂತಲೂ ನೋಡುತ್ತಾರೆ. ನಿಮ್ಮ ಭಾಗದಲ್ಲಿ ಮಿತಿ ಜಿಪ್ ಕೋಡ್ ಲೆಕ್ಕದಲ್ಲಿ ಇರುವುದರಿಂದ ದರದಲ್ಲಿ ತೊಂದರೆ ಕಡಿಮೆ.

ಎರಡು ಎಚ್ಚರಿಕೆ. ಒಪ್ಪಂದದ ಬಾಡಿಗೆಯ ಮೇಲೆ ಅವರ ಹತ್ತಿರ ಕೈಯಲ್ಲಿ ಒಂದು ಡಾಲರ್ ಕೂಡ ಜಾಸ್ತಿ ತೆಗೆದುಕೊಳ್ಳಬೇಡಿ, ಅದು ಅಪರಾಧ. ಮತ್ತೆ, ಮಕ್ಕಳ ಶಾಲೆ ಶುರುವಾಗುತ್ತದೆ ಅಂತ ಅವಸರ ಮಾಡಿ ಇನ್‌ಸ್ಪೆಕ್ಷನ್ ಮುಗಿಯುವ ಮೊದಲೇ ಕೀ ಕೊಡಬೇಡಿ. ಪಾಸ್ ಆಗುವ ಮುಂಚಿನ ದಿನಗಳಿಗೆ ಸಾಮಾನ್ಯವಾಗಿ ಅಥಾರಿಟಿ ದುಡ್ಡು ಕೊಡುವುದಿಲ್ಲ, ಆ ಹೊರೆ ಕೊನೆಗೆ ಆ ತಾಯಿಯ ಮೇಲೇ ಬೀಳುತ್ತದೆ. ಅವಸರ ಇದ್ದರೆ ಅರ್ಜಿಯ ನಿಮ್ಮ ಭಾಗವನ್ನು ಇವತ್ತೇ ತುಂಬಿ ಕೊಡಿ, ಇನ್‌ಸ್ಪೆಕ್ಷನ್ ದಿನಾಂಕಕ್ಕೆ ನೀವೇ ಫೋನ್ ಮಾಡಿ ಕೇಳಿ.