ಅಪ್ಪಯ್ಯನಿಗೆ ಕವಳದ ತಂಬಾಕು ಬಿಡುವ ಧೈರ್ಯ ಬರುವುದು ಹೇಗೆ?

ಶಿರಸಿ ಕಡೆಯ ನಿಮ್ಮ ಅಪ್ಪಯ್ಯ ಕವಳದ (ಎಲೆ-ಅಡಿಕೆಯ) ತಂಬಾಕನ್ನು ಮೂರು ಸಲ ಬಿಟ್ಟು ಮತ್ತೆ ಹಿಡಿದಿದ್ದಾರೆ, ಈಗ ‘ನನ್ನ ಕೈಲಿ ಆಗೋದಲ್ಲ’ ಅನ್ನುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ.

ಮೊದಲು ಕ್ಯಾನ್ಸರ್ ಚಿತ್ರ ತೋರಿಸಿ ಹೆದರಿಸುವುದನ್ನು ನಿಲ್ಲಿಸಿ. ಅಪಾಯ ಅವರಿಗೂ ಗೊತ್ತು. ಕಮ್ಮಿಯಾಗಿರುವುದು ತನ್ನ ಮೇಲಿನ ನಂಬಿಕೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ಇದನ್ನು ವಿವರಿಸಿ, ಆ ನಂಬಿಕೆಗೆ ಎಲ್ಲಕ್ಕಿಂತ ಗಟ್ಟಿ ಬುನಾದಿ ಸ್ವಂತ ಗೆಲುವು ಎಂದರು. ಹುರಿದುಂಬಿಸುವ ಮಾತಿನ ಬಲ ಅದಕ್ಕಿಂತ ಕಡಿಮೆ.

ಹಾಗಾಗಿ ಗೆಲ್ಲಬಹುದಾದಷ್ಟು ಸಣ್ಣದರಿಂದ ಶುರುಮಾಡಿಸಿ. ಬೆಳಗಿನ ಆಸರಿ (ಚಾ-ತಿಂಡಿ) ಮುಗಿದ ಮೇಲಿನ ಕವಳಕ್ಕೆ ಮಾತ್ರ ಒಂದು ವಾರ ತಂಬಾಕು ಬೇಡ. ಅದು ದಕ್ಕಿದರೆ ಮಧ್ಯಾಹ್ನದ್ದು. ಅಡಿಕೆ ಸುಲಿಯುವ ರಾತ್ರಿ, ತಾಳಮದ್ದಳೆ, ಮದುವೆಮನೆಯ ಕವಳದ ಹರಿವಾಣ ಕಷ್ಟದ ಜಾಗಗಳು, ಕೊನೆಗಿರಲಿ. ಚಪಲ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಅಷ್ಟು ಹೊತ್ತಿಗೆ ಲವಂಗವೋ ಏಲಕ್ಕಿಯೋ ಸಾಕು. ತಂಬಾಕು ಬಿಟ್ಟ ಅವರದೇ ವಯಸ್ಸಿನವರು ಊರಲ್ಲಿದ್ದರೆ ಜಗಲಿಗೆ ಕರೆದು ಕೂರಿಸಿ. ಹಿಂದಿನ ಮೂರು ಪ್ರಯತ್ನಗಳನ್ನು ಸೋಲೆಂದು ಎಣಿಸಬೇಡಿ, ಅಷ್ಟು ದಿನ ಹೇಗೆ ತಡೆದಿರಿ ಎಂದು ಕೇಳಿ.

(ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೇ. ನಮ್ಮ ಸೀಮೆಯಲ್ಲಿ ಇದನ್ನು ಹೇಳಿದರೆ ಬೈಸಿಕೊಳ್ಳಬೇಕು, ಆದರೂ ಹೇಳಿದೆ.)

ತಂಬಾಕು ಬಿಡಲು ಉಚಿತ ಸಹಾಯವಾಣಿ 1800-112-356. ಕನ್ನಡದಲ್ಲೂ ಮಾತಾಡುತ್ತಾರೆ.